ಕೂತರೆ ಎಫ್ ಬರುತ್ತದೆ, ಎದ್ದು ನಿಂತರೆ ಮಾಯ

ಆರನೇ_ತಂತಿ
ಎಲ್ಲರಿಗೂ ನಮಸ್ಕಾರ. ಗಿಟಾರ್ ಕಲಿಯಲು ಶುರು ಮಾಡಿ ಒಂದೂವರೆ ವರ್ಷ ಆಯಿತು. ಪೂರ್ತಿ ಮಂಚದ ಅಂಚಿನಲ್ಲಿ ಕೂತೇ ಕಲಿತವನು. ಅಕೂಸ್ಟಿಕ್, ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್. ಕೂತಾಗ ಸಿ, ಜಿ, ಎ ಮೈನರ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ಬರುವ ಬೆರಳಿನ ಜೋಡಣೆ) ಎಲ್ಲ ಸಲೀಸು. ಆರು ತಿಂಗಳು ಗೋಳು ಹೊಯ್ದುಕೊಂಡ ಎಫ್ ಬಾರೆ, ಅಂದರೆ ಒಂದೇ ಬೆರಳಿನಿಂದ ಆರೂ ತಂತಿ ಅಡ್ಡಕ್ಕೆ ಒತ್ತುವ ಕಾರ್ಡ್ ಕೂಡ ಈಗ ಬರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನವೆಂಬರ್ 1ಕ್ಕೆ ರಾಜ್ಯೋತ್ಸವ. ಎರಡು ಭಾವಗೀತೆಗೆ ಗಿಟಾರ್ ನುಡಿಸು ಎಂದು ಹಿಡಿದುಕೊಂಡರು, ಹೂಂ ಅಂದೆ. ಆಮೇಲೆ ಗೊತ್ತಾಯಿತು, ಹಾಡುವ ಐದು ಜನವೂ ನಿಂತಿರುತ್ತಾರಂತೆ. ನಾನೊಬ್ಬ ಮಧ್ಯದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಮೈಕಿನ ಹಿಂದೆ ಅಡಗಿ ಕೂತ ಹಾಗೆ ಕಾಣುತ್ತದೆ. ಹಾಗಾಗಿ ನಿನ್ನೆ ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುವ ಸ್ಟ್ರಾಪ್ ತಂದೆ. ಒಂದು ತುದಿ ಹಿಂದಿನ ಗುಂಡಿಗೆ, ಇನ್ನೊಂದು ತುದಿ ಲಾಡಿಯಿಂದ ಗಿಟಾರಿನ ತಲೆಗೆ ಕಟ್ಟಿ ಎದ್ದು ನಿಂತೆ.

ಏನೂ ಬರುವುದಿಲ್ಲ! ಗಿಟಾರ್ ತೂಗುತೊಟ್ಟಿಲಿನ ಹಾಗೆ ಆಡುತ್ತದೆ. ಎಡಗೈಯಲ್ಲಿ ಕತ್ತು ಹಿಡಿದು ತಡೆಯಬೇಕು, ತಡೆದರೆ ಕಾರ್ಡ್ ಬದಲಿಸಲು ಕೈ ಇಲ್ಲ. ಕತ್ತಿನ ಮೇಲಿನ ಲೋಹದ ಅಡ್ಡಗೆರೆ, ಅಂದರೆ ಫ್ರೆಟ್ ಕಾಣುವುದಿಲ್ಲ. ಎಫ್ ಅಂತೂ ಡಬ್ ಡಬ್ ಎನ್ನುತ್ತದೆ. ಹೆಂಡತಿ ಅಡುಗೆಮನೆಯಿಂದ ಬಂದು "ಪಕ್ಕದ ಮನೆ ಹುಡುಗನಿಗೆ ಕಲಿಸುತ್ತಿದ್ದೀಯಾ?" ಎಂದು ಕೇಳಿದಳು. ಇನ್ನು ಐದು ವಾರ ಇದೆ. ಇದು ಎಲ್ಲರಿಗೂ ಆಗುತ್ತದಾ, ನನಗೊಬ್ಬನಿಗಾ?

ಬಸವನಗುಡಿ_ಬ್ಲೂಸ್
ಎಲ್ಲರಿಗೂ ಆಗುತ್ತದೆ. ಸ್ಟ್ರಾಪ್ ಎಷ್ಟು ಉದ್ದಕ್ಕೆ ಬಿಟ್ಟಿದ್ದೀರಿ? ಅಂಗಡಿಯಿಂದ ಬಂದ ಹಾಗೇ ಹಾಕಿಕೊಂಡಿದ್ದೀರಾ?

ಆರನೇ_ತಂತಿ
ಹಾಗೇ. ಗಿಟಾರ್ ಸೊಂಟದಿಂದ ಕೆಳಗೆ ಬರುತ್ತದೆ. ಕನ್ನಡಿಯಲ್ಲಿ ನೋಡಿದರೆ ಚೆನ್ನಾಗಿಯೇ ಇದೆ 😀

ಬಸವನಗುಡಿ_ಬ್ಲೂಸ್
ಕಳ್ಳ ಸಿಕ್ಕಿದ. ಕನ್ನಡಿ ಬಿಡಿ. ಒಂದು ಕುರ್ಚಿಯಲ್ಲಿ ಎಂದಿನ ಹಾಗೆ ಕೂರಿ. ಕೂತೇ ಸ್ಟ್ರಾಪ್ ಹಾಕಿಕೊಳ್ಳಿ. ಅದು ಬಿಗಿಯಾಗಿ, ಗಿಟಾರಿನ ಭಾರ ಹೆಗಲಿಗೂ ಬರಲು ಶುರುವಾಗುವ ತನಕ ಗಿಡ್ಡ ಮಾಡುತ್ತಾ ಹೋಗಿ. ಈಗ ಎದ್ದು ನಿಲ್ಲಿ. ಗಿಟಾರ್ ಕೂತಾಗ ಎಲ್ಲಿತ್ತೋ ಹೆಚ್ಚೂ ಕಡಿಮೆ ಅಲ್ಲೇ ಇರಬೇಕು. ಎರಡು ಬೆರಳಷ್ಟು ಇಳಿದರೆ ಪರವಾಗಿಲ್ಲ. ಒಂದು ಗೇಣು ಇಳಿದರೆ ಮತ್ತೆ ಕೂತು ಗಿಡ್ಡ ಮಾಡಿ. ಮನೆಯಲ್ಲಿ ಕೂತು ಅಭ್ಯಾಸ ಮಾಡುವಾಗಲೂ ಸ್ಟ್ರಾಪ್ ಬಿಚ್ಚಬೇಡಿ. ನಾನು ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಹೆವಿಮೆಟಲ್_ಹುಚ್ಚ
ದಯವಿಟ್ಟು ಬೇಡ. ಅಷ್ಟು ಮೇಲೆ ಕಟ್ಟಿಕೊಂಡರೆ ಎಳೆ ಮಗುವನ್ನು ಎದೆಗೆ ಕಟ್ಟಿಕೊಂಡ ಹಾಗೆ ಕಾಣುತ್ತದೆ. ರಾಕ್ ಗಿಟಾರಿನ ಜಿಮ್ಮಿ ಪೇಜ್ ತನ್ನ ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರ್ ಹಾಕಿಕೊಳ್ಳುತ್ತಿದ್ದದ್ದು ಎಲ್ಲಿ? ಸ್ಲ್ಯಾಶ್ ಎಲ್ಲಿ? ತೊಡೆ ಹತ್ತಿರ. ಅವರಿಗೆ ಬರಲಿಲ್ಲವಾ?

ಕಾಲುಮಣೆ
ಅವರಿಗೆ ಬಂತು, ನಮಗೆ ಬರುವುದಿಲ್ಲ. ಅವರ ಹಳೆ ವಿಡಿಯೊಗಳನ್ನು ಸರಿಯಾಗಿ ನೋಡಿ. ಕಷ್ಟದ ಜಾಗ ಬಂದಾಗ ಕತ್ತನ್ನು ಮೇಲಕ್ಕೆತ್ತುತ್ತಾರೆ. ಇನ್ನು ಕೆಲವರು ಎಡಗಾಲನ್ನು ಮುಂದಿನ ಮಾನಿಟರ್ ಸ್ಪೀಕರ್ ಮೇಲೆ ಇಡುತ್ತಾರೆ, ನಾವು ಆಹಾ ಸ್ಟೈಲ್ ಎನ್ನುತ್ತೇವೆ. ಕ್ಲಾಸಿಕಲ್ ಗಿಟಾರಿನವರು ಎಡಗಾಲ ಕೆಳಗೆ ಇಡುವ ಪುಟ್ಟ ಮಣೆಯ ಕೆಲಸವೇ ಅದು. ಸ್ಪೇನಿನ ಗಿಟಾರ್ ವಾದಕ ತಾರೆಗಾ ಕಾಲಕ್ಕೇ ಆ ಮಣೆ ಬಳಕೆಯಲ್ಲಿತ್ತು. ತೊಡೆ ಮೇಲೆ ಬಂದರೆ ಕತ್ತು ಮೇಲೆ ಬರುತ್ತದೆ, ಮಣಿಕಟ್ಟು ನೇರ ಆಗುತ್ತದೆ. ಹೆವಿ ಮೆಟಲ್ ಆದರೂ ಅಷ್ಟೇ.

ಕೇಳಿದವರಿಗೆ ಒಂದು ಮಾತು. ನೀವು ಕೂತಾಗ ಗಿಟಾರ್ ಬಲ ತೊಡೆ ಮೇಲೆ ಇರುತ್ತದೆ ಅಲ್ವಾ? ಆಗ ಇಡೀ ಗಿಟಾರ್ ಬಲಕ್ಕೆ ಸರಿದಿರುತ್ತದೆ, ಮೊದಲ ಫ್ರೆಟ್ ನಿಮ್ಮ ಹತ್ತಿರವೇ ಇರುತ್ತದೆ. ನಿಂತಾಗ ಸ್ಟ್ರಾಪ್ ಅದನ್ನು ಮೈಯ ಮಧ್ಯಕ್ಕೆ ತರುತ್ತದೆ. ಅಂದರೆ ಕತ್ತು ಎಡಕ್ಕೆ ಹೊರಗೆ ಹೋಗುತ್ತದೆ, ಮೊದಲ ಫ್ರೆಟ್ ದೂರ ಆಗುತ್ತದೆ. ಎಫ್ ಇರುವುದು ಅಲ್ಲೇ. ನಿಮ್ಮ ಬೆರಳು ಏನನ್ನೂ ಮರೆತಿಲ್ಲ, ಜಾಗ ಬದಲಾಗಿದೆ. ಬಸವನಗುಡಿಯವರು ಎತ್ತರ ಹೇಳಿದರು, ಈ ಅಡ್ಡ ಸರಿಯುವುದನ್ನು ಬಿಟ್ಟರು. ಹತ್ತು ದಿನ ಎಡ ತೊಡೆ ಮೇಲೆ ಇಟ್ಟುಕೊಂಡು ಕೂತು ನುಡಿಸಿ. ಎಡಗಾಲ ಕೆಳಗೆ ಎರಡು ದಪ್ಪ ಪುಸ್ತಕ ಇಡಿ. ಕತ್ತು ಓರೆಯಾಗಿ ಮೇಲಕ್ಕಿರಲಿ. ಆ ಭಂಗಿಯಿಂದ ಎದ್ದರೆ ಹೆಚ್ಚೇನೂ ಬದಲಾಗುವುದಿಲ್ಲ.

ಬಸವನಗುಡಿ_ಬ್ಲೂಸ್
ಬಿಟ್ಟೆ ಅಂತಲ್ಲ, ಒಂದೇ ದಿನ ಎಲ್ಲಾ ಹೇಳಿ ಹೆದರಿಸಬಾರದು ಅಂತ. ಆದರೂ ಪಾಯಿಂಟ್ ಸರಿ.

ಹೆವಿಮೆಟಲ್_ಹುಚ್ಚ
ಭಾವಗೀತೆಗೆ ಮೇಲೆ ಕಟ್ಟಿಕೊಳ್ಳಲಿ. ನಾನು ತಡೆಯುವುದಿಲ್ಲ.

ಪಿಟೀಲು_ಮನೆಯವಳು
ನನಗೆ ಗಿಟಾರ್ ಬರುವುದಿಲ್ಲ, ಆದರೂ ಮೂಗು ತೂರಿಸುತ್ತೇನೆ. ಎಡಗೈಯಲ್ಲಿ ಕತ್ತು ಹಿಡಿದು ತಡೆಯಬೇಕು ಎಂದು ಬರೆದಿದ್ದೀರಲ್ಲ, ನನಗೆ ಅಲ್ಲೇ ಕಿವಿ ನೆಟ್ಟಗಾಯಿತು. ಪಿಟೀಲು ಒಂದೇ ವಾದ್ಯ. ಪಾಶ್ಚಾತ್ಯರು ನಿಂತು, ಗಲ್ಲ ಮತ್ತು ಭುಜದ ಮಧ್ಯೆ ಸಿಕ್ಕಿಸಿಕೊಂಡು ನುಡಿಸುತ್ತಾರೆ. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಅದರ ತಲೆಯನ್ನು ಬಲಗಾಲಿನ ಪಾದದ ಮೇಲೆ ಊರಿಸುತ್ತೇವೆ. ಯಾಕೆ? ಎಡಗೈ ಪೂರ್ತಿ ಬಿಡುವಾಗಿರಬೇಕು. ಗಮಕಕ್ಕೆ ಬೆರಳು ಮೇಲೆ ಕೆಳಗೆ ಜಾರುತ್ತಲೇ ಇರಬೇಕು, ವಾದ್ಯ ಹೊರುವ ಕೆಲಸ ಅದಕ್ಕೆ ಕೊಟ್ಟರೆ ಜಾರುವುದು ಹೇಗೆ? ಶುರುವಿನಲ್ಲಿ ನಾನು ಎಡಗೈಯಲ್ಲೇ ಹಿಡಿದುಕೊಳ್ಳುತ್ತಿದ್ದೆ. ನಮ್ಮ ತಂದೆ ಸುಮ್ನೆ ಬಂದು ನನ್ನ ಎಡಗೈ ತೆಗೆದುಬಿಡುತ್ತಿದ್ದರು. ಪಿಟೀಲು ಬಿದ್ದರೆ ನೀನು ತಪ್ಪು ಕೂತಿದ್ದೀಯ, ಬೀಳದಿದ್ದರೆ ಸರಿ. ಅಷ್ಟೇ ಪಾಠ.

ನಮಗೆ ಪಾದ ಮಾಡುವ ಕೆಲಸವನ್ನು ನಿಮ್ಮ ಪಟ್ಟಿ ಮಾಡಬೇಕು. ನಿಂತು ಎರಡೂ ಕೈ ಬಿಟ್ಟು ನೋಡಿ. ಗಿಟಾರ್ ಇದ್ದಲ್ಲೇ ಇರುತ್ತದಾ?

ಆರನೇ_ತಂತಿ
ಈಗ ಬಿಟ್ಟು ನೋಡಿದೆ. ಹೊಟ್ಟೆ ಆಕಾಶ ನೋಡಿತು, ಆಮೇಲೆ ಇಡೀ ಗಿಟಾರ್ ಪಕ್ಕಕ್ಕೆ ತಿರುಗಿತು. ಅಂದರೆ ಇಷ್ಟು ಹೊತ್ತು ನಾನೇ ಹೊತ್ತುಕೊಂಡಿದ್ದೆ!

ಮರಗೆಲಸ
ತಲೆಗೆ ಲಾಡಿ ಕಟ್ಟಿದ್ದೇ ನಿಮ್ಮ ತಕರಾರು. ತಪ್ಪೇನಲ್ಲ, ಹಳೆ ಕಾಲದಿಂದ ಹಾಗೆ ಕಟ್ಟುತ್ತಾರೆ, ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಆಚೆ ತಂತಿಗಳ ಅಡಿಯಲ್ಲಿ. ಆದರೆ ಹಾಗೆ ಕಟ್ಟಿದಾಗ ಪಟ್ಟಿ ಮೊದಲ ಫ್ರೆಟ್ ಪಕ್ಕದಲ್ಲೇ ಹಾದು ಹೋಗುತ್ತದೆ, ಎಡಗೈಗೆ ಜಾಗ ಇರುವುದಿಲ್ಲ. ಗಿಟಾರಿನ ಎರಡು ತುದಿ ಮಾತ್ರ ತೂಗುಬಿದ್ದು ಮಧ್ಯ ಮೈಗೆ ತಾಗದೆ ಆಡುತ್ತದೆ.

ಪರಿಹಾರ: ಕತ್ತು ದೇಹಕ್ಕೆ ಸೇರುವ ಕಡೆ ಹಿಂದೆ ಒಂದು ದಪ್ಪ ಮರದ ಹಿಮ್ಮಡಿ ಇದೆ ನೋಡಿ, ಅದಕ್ಕೆ ಎರಡನೇ ಗುಂಡಿ ಹಾಕಿಸುವುದು. ಸಾಮಾನ್ಯವಾಗಿ ತೆಳು ತಂತಿಗಳ ಕಡೆಯ ಮಗ್ಗುಲಿಗೆ ಹಾಕುತ್ತೇವೆ. ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ, ಮಧ್ಯೆ ಒಂದು ಫೆಲ್ಟ್ ವಾಷರ್. ಹತ್ತು ನಿಮಿಷದ ಕೆಲಸ. ಆದರೆ ಮನೆಯಲ್ಲಿ ನೀವೇ ಮಾಡಬೇಡಿ. ಕೆಲವು ಗಿಟಾರಿಗೆ ಅಲ್ಲೇ ಒಳಗೆ ಬೋಲ್ಟ್ ಇರುತ್ತದೆ. ಒಬ್ಬ ಪುಣ್ಯಾತ್ಮ ಹಿಮ್ಮಡಿ ಬಿಟ್ಟು ದೇಹದ ಪಕ್ಕದ ಹಲಗೆಗೇ ಸ್ಕ್ರೂ ಹೊಡೆದುಕೊಂಡು ನನ್ನ ಹತ್ತಿರ ತಂದಿದ್ದ. ಆ ಹಲಗೆ ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಸ್ಕ್ರೂ ಜೊತೆ ಹಲಗೆಯೂ ಬಂದಿತ್ತು.

ಡಬ್ಲಿನ್_ಕನ್ನಡಿಗ
ಹಿಮ್ಮಡಿಗೆ ಹಾಕಿದರೆ ಗಿಟಾರ್ ಮುಂದಕ್ಕೆ ವಾಲುತ್ತದೆ, ನನಗೆ ಇಷ್ಟ ಆಗಲಿಲ್ಲ. ನಾನು ಮತ್ತೆ ತಲೆಗೇ ಕಟ್ಟಿದೆ. ಇಲ್ಲಿ ಪಬ್‌ಗಳ ಸೆಷನ್‌ನಲ್ಲಿ ಮೇಜಿನ ಸುತ್ತ ಎಲ್ಲರೂ ಕೂತೇ ನುಡಿಸುತ್ತಾರೆ, ಹಾಗಾಗಿ ನಿಲ್ಲುವ ಗೋಜೇ ಕಡಿಮೆ. ಮಳೆ ಬೇರೆ, ನಿಂತು ಎಲ್ಲಿಗೆ ಹೋಗುವುದು.

ಮರಗೆಲಸ
ಸ್ವಲ್ಪ ವಾಲುತ್ತದೆ, ಒಪ್ಪಿದೆ. ಬಲ ಮುಂಗೈ ಮೇಲೆ ಬಂದಾಗ ನಿಲ್ಲುತ್ತದೆ. ಎರಡೂ ರೀತಿ ಪ್ರಯತ್ನ ಮಾಡಿ ನಿರ್ಧಾರ ಮಾಡಲಿ, ತೂತು ಕೊರೆದ ಮೇಲೆ ವಾಪಸ್ ಮುಚ್ಚುವುದು ಚೆನ್ನಾಗಿ ಕಾಣುವುದಿಲ್ಲ.

ನಿಘಂಟು
ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಎಲ್ಲರೂ ಸ್ಟ್ರಾಪ್ ಸ್ಟ್ರಾಪ್ ಎನ್ನುತ್ತಿದ್ದೀರಿ. ಒಂದು ಕನ್ನಡ ಪದ ಇಲ್ಲವಾ?

ಪಿಟೀಲು_ಮನೆಯವಳು
ನಾನು ಪಟ್ಟಿ ಅಂದೆನಲ್ಲ.

ನಿಘಂಟು
ಪಟ್ಟಿ ಅಂದರೆ ಲಿಸ್ಟ್ ಕೂಡ ಆಗುತ್ತದೆ. ಹೆಗಲಪಟ್ಟಿ?

ಹೆವಿಮೆಟಲ್_ಹುಚ್ಚ
ಅರ್ಧ ಇಳಿಬಿಟ್ಟರೆ ಜೋಳಿಗೆ, ಮೇಲೆ ಕಟ್ಟಿದರೆ ತೊಟ್ಟಿಲು.

ಕುಡ್ಲದ_ಕ್ವೈರ್
ಹೆಗಲಪಟ್ಟಿಯೋ ಏನೋ, ಅದು ಕಳಚಿಕೊಳ್ಳುವುದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಚರ್ಚಿನ ಕ್ವೈರ್‌ನಲ್ಲಿ ನುಡಿಸುತ್ತೇನೆ. ನಮ್ಮಲ್ಲಿ ಕ್ರಿಸ್ಮಸ್ ರಾತ್ರಿ ಒಂದೂವರೆ ಗಂಟೆ ನಿಂತೇ ನುಡಿಸಬೇಕು. ಒಂದು ವರ್ಷ, ಎಲ್ಲರೂ ಮೌನವಾಗಿದ್ದ ಹೊತ್ತಿನಲ್ಲಿ, ಹಿಂದಿನ ಗುಂಡಿಯಿಂದ ಸ್ಟ್ರಾಪ್ ಸದ್ದಿಲ್ಲದೆ ಜಾರಿತು. ಗಿಟಾರ್ ಹಿಡಿಯಲು ಬಗ್ಗಿದೆ, ಹಿಡಿದದ್ದು ಮುಂದೆ ನಿಂತಿದ್ದ ಆಲ್ಟೋ ಆಂಟಿಯ ದುಪಟ್ಟಾ. ಗಿಟಾರ್ ನೆಲಕ್ಕೆ, ಆರು ತಂತಿಯೂ ಒಟ್ಟಿಗೆ ಝಣ್! ಎಂದವು. ಆಮೇಲೆ ಪಾದ್ರಿ ನಕ್ಕರು, ಆಂಟಿ ಈಗಲೂ ನಕ್ಕಿಲ್ಲ.

ಎಲೆಕ್ಟ್ರಿಕ್‌ನವರಿಗೆ ಶಾಲರ್, ಡನ್ಲಪ್‌ನಂಥ ಕಂಪನಿಗಳ ಸ್ಟ್ರಾಪ್ ಲಾಕ್ ಸಿಗುತ್ತವೆ. ಅಷ್ಟು ಖರ್ಚು ಬೇಡ ಎಂದರೆ ಗುಂಡಿಗೆ ಸ್ಟ್ರಾಪ್ ಹಾಕಿದ ಮೇಲೆ ಒಂದು ದಪ್ಪ ರಬ್ಬರ್ ವಾಷರ್ ಒತ್ತಿ ಕೂರಿಸಿ. ಹೊರದೇಶದಲ್ಲಿ ಗ್ರೋಲ್ಶ್ ಬಿಯರ್ ಬಾಟಲಿಯ ಮುಚ್ಚಳದ ರಬ್ಬರನ್ನೇ ಇದಕ್ಕೆ ಬಳಸುತ್ತಾರೆ. ನನ್ನದು ನಲ್ಲಿ ಸಾಮಾನಿನ ಅಂಗಡಿಯ ವಾಷರ್. ಆಮೇಲೆ ಒಮ್ಮೆಯೂ ಬಿದ್ದಿಲ್ಲ.

ಬಸವನಗುಡಿ_ಬ್ಲೂಸ್
ಗೋಲಿ ಸೋಡಾ ಬಾಟಲಿಯ ಕತ್ತಿನಲ್ಲೂ ರಬ್ಬರ್ ಉಂಗುರ ಇರುತ್ತದೆ, ದೇಸಿ ಉಪಾಯ!

ಕುಡ್ಲದ_ಕ್ವೈರ್
ತೆಗೆಯುವಷ್ಟರಲ್ಲಿ ಬಾಟಲಿ ಒಡೆಯುತ್ತದೆ ಮಾರಾಯ್ರೆ. ನಲ್ಲಿ ವಾಷರೇ ಸಾಕು. ಇನ್ನೊಂದು, ಗಿಟಾರಿನಲ್ಲಿ ಪಿಕಪ್ (ಸದ್ದನ್ನು ಸ್ಪೀಕರಿಗೆ ಕಳಿಸುವ ಸಾಧನ) ಇದ್ದು ಕೇಬಲ್ ಹಾಕುವುದಾದರೆ ಅದನ್ನು ಹಿಂದಿನ ಗುಂಡಿಯ ಹತ್ತಿರ ಸ್ಟ್ರಾಪ್ ಒಳಗಿಂದ ಒಂದು ಸುತ್ತು ಎಳೆದು ಹಾಕಿ. ಯಾರಾದರೂ ತುಳಿದರೆ ಜ್ಯಾಕ್ ಕಿತ್ತು ಬರುವುದಿಲ್ಲ.

ಸೀರೆಯಲ್ಲೂ_ಗಿಟಾರ್
ಸೀರೆ ಉಟ್ಟು ನಿಂತು ನುಡಿಸುವವರಿಗೆ ಯಾರೂ ಏನೂ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಸೆರಗೂ ಎಡ ಹೆಗಲು, ಸ್ಟ್ರಾಪೂ ಎಡ ಹೆಗಲು. ಪ್ರತಿ ಸ್ಟ್ರಮ್‌ಗೂ ಸೆರಗು ಅರ್ಧ ಇಂಚು ಜಾರುತ್ತದೆ. ಎರಡು ಹಾಡು ಮುಗಿಯುವ ಹೊತ್ತಿಗೆ ಕೈ ಗಿಟಾರ್ ಮೇಲೆ, ಜೀವ ಸೆರಗಿನ ಮೇಲೆ. ನೆರಿಗೆ ಹಿಡಿದು ಎರಡು ಪಿನ್ ಹಾಕಿ, ಪಿನ್ ತಲೆ ಸ್ಟ್ರಾಪ್ ಅಡಿಗೆ ಬಾರದ ಹಾಗೆ. ರೇಷ್ಮೆ ಸೀರೆ ಮೇಲೆ ನೈಲಾನ್ ಸ್ಟ್ರಾಪ್ ನಿಲ್ಲುವುದೇ ಇಲ್ಲ, ಒಳಮೈ ಒರಟಾದ ಚರ್ಮ ಅಥವಾ ಹತ್ತಿಯದು ಬೇಕು. ತಾಳಿ, ಬೆಲ್ಟ್ ಬಕಲ್, ಜುಬ್ಬಾದ ಲೋಹದ ಗುಂಡಿ ಎಲ್ಲವೂ ಗಿಟಾರಿನ ಬೆನ್ನು ಗೀರುತ್ತವೆ. ಇನ್ನೊಂದು ಮುಖ್ಯ ವಿಷಯ. ಕಾರ್ಯಕ್ರಮದ ದಿನ ಏನು ಹಾಕುತ್ತೀರೋ ಅದನ್ನೇ ಹಾಕಿಕೊಂಡು ಒಮ್ಮೆ ಅಭ್ಯಾಸ ಮಾಡಿ. ದಪ್ಪ ಜುಬ್ಬಾದಲ್ಲಿ ಅಳತೆ ಬದಲಾಗುತ್ತದೆ.

ಆರನೇ_ತಂತಿ
ಪಂಚೆ ಉಡಬೇಕಂತೆ ನನಗೆ. ಅದು ಜಾರಿದರೆ ಯಾವ ಕೈ ಬಿಡಲಿ?

ಸೀರೆಯಲ್ಲೂ_ಗಿಟಾರ್
ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಾಕಿಕೊಂಡು ಕುಣಿಯುತ್ತಾರೆ. ನೀವು ಸುಮ್ಮನೆ ನಿಲ್ಲಬೇಕು ಅಷ್ಟೇ. ಬೆಲ್ಟ್ ಹಾಕಿ. ಬಕಲ್ ಪಕ್ಕಕ್ಕೆ ತಿರುಗಿಸಿ.

ವೀಣೆ_ಪಕ್ಷ
ನಮ್ಮ ಸಂಗೀತದಲ್ಲಿ ನಿಲ್ಲುವ ಪದ್ಧತಿಯೇ ಇಲ್ಲ. ವೀಣೆ ಕೂತು, ಪಿಟೀಲು ಕೂತು, ಮ್ಯಾಂಡೊಲಿನ್ ಶ್ರೀನಿವಾಸ್ ಕೂತು. ಗಿಟಾರನ್ನೇ ಬದಲಿಸಿ ಮೋಹನ ವೀಣೆ ಮಾಡಿದ ವಿಶ್ವಮೋಹನ ಭಟ್ ಅವರೂ ಮಡಿಲಲ್ಲಿ ಮಲಗಿಸಿಕೊಂಡು ಕೂತೇ. ಕ್ಯಾಲೆಂಡರ್ ಸರಸ್ವತಿಯೂ ಕೂತೇ. ನೀವೂ ಕೂರಿ, ಯಾರೇನು ಅಂದುಕೊಳ್ಳುತ್ತಾರೆ?

ಚೌಡಿಕೆ_ಮೊಮ್ಮಗ
"ನಮ್ಮ ಸಂಗೀತ" ಅಂದರೆ ಯಾರದು ಸಾರ್? ಸವದತ್ತಿ ಗುಡ್ಡಕ್ಕೆ ಒಮ್ಮೆ ಬನ್ನಿ. ಒಂಟಿ ತಂತಿಯ ಚೌಡಿಕೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ನಿಂತು, ನಡೆದು, ಹಾಡುತ್ತಾ ನುಡಿಸುತ್ತಾರೆ. ಏಕತಾರಿ ಹಿಡಿದ ತತ್ವಪದದವರು ನಿಂತು ಕುಣಿಯುತ್ತಲೇ ಮೀಟುತ್ತಾರೆ. ಡೊಳ್ಳು ಹೆಗಲಿಗೆ. ತೆಂಕುತಿಟ್ಟಿನ ಚೆಂಡೆ ಹೆಗಲಿಗೆ. ನಮ್ಮಜ್ಜಿಗೆ ಯಾರೂ ಸ್ಟ್ರಾಪ್ ಕೊಟ್ಟಿರಲಿಲ್ಲ. ಚೌಡಿಕೆ ಅಲುಗದ ಹಾಗೆ ಮೇಲುತೋಳಿನಿಂದ ಒತ್ತಿ, ಮುಂಗೈ ಮಾತ್ರ ಸಡಿಲ ಬಿಡುತ್ತಿದ್ದಳು. ಗಿಟಾರಿಗೂ ಅದೇ ಲೆಕ್ಕ. ಬಲ ಮುಂಗೈಯನ್ನು ಗಿಟಾರಿನ ಅಂಚಿನ ಮೇಲೆ ಊರಿ ಮೆಲ್ಲಗೆ ಮೈಗೆ ಒತ್ತಿದರೆ ಅರ್ಧ ಆಟ ನಿಲ್ಲುತ್ತದೆ.

ವೀಣೆ_ಪಕ್ಷ
ತಪ್ಪಾಯಿತು. ಸಭಾ ಸಂಗೀತದಲ್ಲಿ ಎನ್ನಬೇಕಿತ್ತು.

ಸೊಂಟನೋವು
ಹೆಸರೇ ಹೇಳುತ್ತದೆ. ಲೆಸ್ ಪಾಲ್ ನಾಲ್ಕು ಕೆಜಿಗೂ ಜಾಸ್ತಿ ತೂಗುತ್ತದೆ. ಒಂದೂವರೆ ಇಂಚಿನ ಸ್ಟ್ರಾಪ್‌ನಲ್ಲಿ ಮೂರು ಗಂಟೆ ನಿಂತು ಆರು ತಿಂಗಳು ಫಿಸಿಯೋ ಹತ್ತಿರ ಹೋದೆ. ಮೂರು ಇಂಚು ಅಗಲದ್ದು ತೆಗೆದುಕೊಳ್ಳಿ. ಅಕೂಸ್ಟಿಕ್ ಎರಡು ಕೆಜಿ ಆಸುಪಾಸು ಇರುತ್ತದೆ, ಅಷ್ಟು ಹೆದರಬೇಕಿಲ್ಲ. ಮಂಡಿ ಬಿಗಿ ಹಿಡಿದು ನಿಲ್ಲಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದಿಡಿ.

ಹೆವಿಮೆಟಲ್_ಹುಚ್ಚ
ನನ್ನದು ಎಸ್‌ಜಿ ಎಲೆಕ್ಟ್ರಿಕ್ ಗಿಟಾರ್, ಹಗುರ. ಆದರೆ ಕೈ ಬಿಟ್ಟರೆ ತಲೆ ನೆಲಕ್ಕೆ ಬೀಳುತ್ತದೆ, ಇದು ಮಾತ್ರ ನಿಜವಾದ ಕಷ್ಟ.

ಮರಗೆಲಸ
ಅದು ನಿಮ್ಮ ತಪ್ಪಲ್ಲ. 1954ರ ಸ್ಟ್ರಾಟೊಕಾಸ್ಟರ್ ಗಿಟಾರ್ ನೋಡಿ, ದೇಹದ ಮೇಲಿನ ಕೊಂಬು ಉದ್ದವಾಗಿ ಹನ್ನೆರಡನೇ ಫ್ರೆಟ್ ಹತ್ತಿರದವರೆಗೆ ಬರುತ್ತದೆ, ಗುಂಡಿ ಅದರ ತುದಿಯಲ್ಲಿ. ತಕ್ಕಡಿ ಹಿಡಿದ ಹಾಗೆ ಸಮ. 1961ರಲ್ಲಿ ಬಂದ ಎಸ್‌ಜಿ ಆಕಾರದಲ್ಲಿ ದೇಹ ತೆಳು, ಗುಂಡಿ ಕತ್ತಿನ ಬುಡದಲ್ಲಿ ಹಿಂದೆ. ಕತ್ತೆಲ್ಲ ತಕ್ಕಡಿಯ ಒಂದೇ ಕಡೆ ಬಂತು. ಒಳಮೈ ಒರಟಾದ ಅಗಲದ ಚರ್ಮದ ಸ್ಟ್ರಾಪ್ ಹಾಕಿದರೆ ಹೆಗಲ ಮೇಲೆ ಜಾರದೆ ಸ್ವಲ್ಪ ತಡೆಯುತ್ತದೆ. ಮೇಲೆ ಕಟ್ಟಿಕೊಂಡರೆ ಇನ್ನೂ ತಡೆಯುತ್ತದೆ 😉

ಹೆವಿಮೆಟಲ್_ಹುಚ್ಚ
ಕೊನೆಯ ವಾಕ್ಯ ಓದಲಿಲ್ಲ.

ಆರನೇ_ತಂತಿ
ಎರಡು ವಾರದ ವರದಿ. ಹಿಮ್ಮಡಿಗೆ ಗುಂಡಿ ಹಾಕಿಸಿದೆ. ಹಾಕುವವನು ಡ್ರಿಲ್ ಹಿಡಿದಾಗ ನಾನು ಹೊರಗೆ ಹೋಗಿ ಕಾಫಿ ಕುಡಿದೆ, ನೋಡಲು ಆಗಲಿಲ್ಲ. ಸ್ಟ್ರಾಪ್ ಕೂತೇ ಅಳತೆ ಮಾಡಿದೆ. ಎಡ ತೊಡೆ ಅಭ್ಯಾಸ ನಡೆಯುತ್ತಿದೆ, ಮೊದಲ ಮೂರು ದಿನ ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗಿತ್ತು. ಈಗ ಕೈ ಬಿಟ್ಟರೆ ಗಿಟಾರ್ ನಿಲ್ಲುತ್ತದೆ. ಸಿ, ಜಿ, ಎ ಮೈನರ್ ಬಂದವು. ಎಫ್ ಹತ್ತಕ್ಕೆ ನಾಲ್ಕು ಸಲ. ನೋಡದೆ ನುಡಿಸಲು ಆಗುತ್ತಿಲ್ಲ, ನೋಡಲು ಹೋದರೆ ಗಿಟಾರಿನ ಮುಖವನ್ನು ಮೇಲಕ್ಕೆ ತಿರುಗಿಸಿಬಿಡುತ್ತೇನೆ.

ಕಾಲುಮಣೆ
ಮೇಲಕ್ಕೆ ತಿರುಗಿಸಿದ ಕ್ಷಣ ಮಣಿಕಟ್ಟು ಮಡಚುತ್ತದೆ, ಬಾರೆ ಹೋಗುತ್ತದೆ. ಮುಖ ನೆಟ್ಟಗೆ ಜನರ ಕಡೆ ಇರಲಿ. ಕತ್ತಿನ ಮೇಲಂಚಿನಲ್ಲಿ ನಿಮಗೆ ಮಾತ್ರ ಕಾಣುವ ಚುಕ್ಕೆಗಳಿವೆ, ಸಾಮಾನ್ಯವಾಗಿ 3, 5, 7, 9, 12ನೇ ಫ್ರೆಟ್‌ಗಳಿಗೆ. ಅವು ಇರುವುದೇ ಇದಕ್ಕೆ. ಬೆರಳು ನೋಡಬೇಡಿ, ಚುಕ್ಕೆ ನೋಡಿ.

ಬಸವನಗುಡಿ_ಬ್ಲೂಸ್
ಕರೆಂಟ್ ಹೋದಾಗ ನುಡಿಸಿ. ನನ್ನ ಕೈ ಸರಿಯಾದದ್ದು ಲೋಡ್ ಶೆಡ್ಡಿಂಗ್ ಕಾಲದಲ್ಲಿ.

ಪಿಟೀಲು_ಮನೆಯವಳು
ಪಿಟೀಲಿಗೆ ಫ್ರೆಟ್ಟೇ ಇಲ್ಲ ಎಂದು ನೆನಪಿಸಲಾ?

ಕುಡ್ಲದ_ಕ್ವೈರ್
ಐದು ವಾರದಲ್ಲಿ ಎರಡು ಹೋಯಿತು, ವ್ರತ ಹಿಡಿಯುವ ಸಮಯ ಇದಲ್ಲ. ಹಾಡು ಸಿ ಶ್ರುತಿಯಲ್ಲಿದ್ದರೆ ಐದನೇ ಫ್ರೆಟ್‌ಗೆ ಕಾಪೊ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಸಾಧನ) ಹಾಕಿ, ಜಿ ಆಕಾರಗಳಲ್ಲಿ ನುಡಿಸಿ. ಸಿ ಇದ್ದಲ್ಲಿ ಜಿ, ಎ ಮೈನರ್ ಇದ್ದಲ್ಲಿ ಇ ಮೈನರ್, ಜಿ ಇದ್ದಲ್ಲಿ ಡಿ, ಆ ಹಾಳು ಎಫ್ ಇದ್ದಲ್ಲಿ ಸಿ. ಬಾರೆ ಇಲ್ಲವೇ ಇಲ್ಲ. ಜೊತೆಗೆ ಕೈ ಐದು ಫ್ರೆಟ್ ಹತ್ತಿರ ಬಂತು, ಕಾಲುಮಣೆಯವರು ಹೇಳಿದ ದೂರದ ತೊಂದರೆಯೂ ಹೋಯಿತು.

ಕಾಲುಮಣೆ
ಮೋಸ. ಜೊತೆಗೆ ದನಿ ತೆಳ್ಳಗಾಗುತ್ತದೆ, ಅಷ್ಟು ದೊಡ್ಡ ಹೊಟ್ಟೆಯ ಗಿಟಾರ್ ಇಟ್ಟುಕೊಂಡು ಮ್ಯಾಂಡೊಲಿನ್ ಸದ್ದು ಮಾಡಿದ ಹಾಗೆ. ಕಾಪೊ ಬೇಡ, ತೆಳು ನಾಲ್ಕು ತಂತಿಯ ಪುಟ್ಟ ಎಫ್ ಸಾಕು, ದಪ್ಪ ಎರಡನ್ನು ಮೀಟಬೇಡಿ.

ಕುಡ್ಲದ_ಕ್ವೈರ್
ಚರ್ಚಿನಲ್ಲಿ ಮೂವತ್ತು ವರ್ಷದಿಂದ ಮೋಸ ಮಾಡುತ್ತಿದ್ದೇನೆ, ದೇವರೇ ಏನೂ ಹೇಳಿಲ್ಲ.

ನಿಘಂಟು
ಕಾಪೊಗೆ ಕನ್ನಡ ಪದ?

ಹೆವಿಮೆಟಲ್_ಹುಚ್ಚ
ಬಟ್ಟೆ ಕ್ಲಿಪ್ಪು.

ಆರನೇ_ತಂತಿ
ನವೆಂಬರ್ 2, ಬೆಳಗ್ಗೆ. ಮುಗಿಯಿತು! ಮೊದಲ ಹಾಡು ಕಾಪೊ ಹಾಕಿ, ಎರಡನೆಯದು ಪುಟ್ಟ ಎಫ್‌ನಲ್ಲಿ, ಇಬ್ಬರಿಗೂ ಬೇಜಾರಾಗದ ಹಾಗೆ. ಪಂಚೆ ನಿಂತಿತು, ಸ್ಟ್ರಾಪ್ ನಿಂತಿತು, ನಲ್ಲಿ ವಾಷರ್ ಜಿಂದಾಬಾದ್. ಎರಡನೇ ಹಾಡಿನ ಮಧ್ಯೆ ಪಕ್ಕದವರ ಕಡೆ ತಿರುಗಿದಾಗ ಗಿಟಾರಿನ ತಲೆ ಮೈಕ್ ಸ್ಟ್ಯಾಂಡಿಗೆ ಬಡಿದು ಟಣ್ ಎಂದಿತು, ಒಂದು ತಂತಿ ಶ್ರುತಿ ಬಿಟ್ಟಿತು. ನಿಂತಾಗ ಗಿಟಾರಿನ ಬಾಲ ತಲೆ ಎಲ್ಲಿವೆ ಎಂದು ಗೊತ್ತಿರಬೇಕು ಎಂದು ಯಾರೂ ಹೇಳಲಿಲ್ಲ ನೋಡಿ. ಜನ ತಾಳ ಎಂದುಕೊಂಡು ಚಪ್ಪಾಳೆ ಹೊಡೆದರು. ಪೂರ್ತಿ ಎಫ್ ಬಾರೆ ನಿಂತು ಇನ್ನೂ ಹತ್ತಕ್ಕೆ ಏಳು.

ಪಿಟೀಲು_ಮನೆಯವಳು
ಏಳು ಬಂತಲ್ಲ. ಕೂತಾಗ ಎಷ್ಟು?

ಆರನೇ_ತಂತಿ
ಒಂಬತ್ತು. ಅದೂ ಎಡ ತೊಡೆ ಮೇಲೆ. ಬಲ ತೊಡೆ ಮೇಲೆ ಇಟ್ಟರೆ ಈಗ ಏನೋ ಹೊಸದಾಗಿ ಕಾಣುತ್ತದೆ.

ಹೆವಿಮೆಟಲ್_ಹುಚ್ಚ
ಫೋಟೊ ಹಾಕಿ.

ಆರನೇ_ತಂತಿ
ಹಾಕಿದ್ದೇನೆ. ಎಡದಿಂದ ಮೂರನೆಯವನು ನಾನು.

ಹೆವಿಮೆಟಲ್_ಹುಚ್ಚ
ಮಗುವಿಗೆ ಎಷ್ಟು ತಿಂಗಳು?